ಬದುವಿನ ಮರವೂ ದಾಸೋಹವೇ



ಸದ್ಭಕ್ತನಾದ ಗೃಹಸ್ಥನು ಪ್ರತಿದಿನವೂ ಇಷ್ಟಲಿಂಗವನ್ನು ಕರಸ್ಥಲದಲ್ಲಿ ಬಿಜಯಂಗೈಸಿಕೊಂಡು, ವಿಭೂತಿಯನ್ನು ಧರಿಸಿ, ಪತ್ರೆ ಪುಷ್ಪಗಳನ್ನು ಅರ್ಪಿಸಿ, ತಾನುಣ್ಣುವ ಅನ್ನವನ್ನು ಲಿಂಗಕ್ಕೆ ಸಮರ್ಪಿಸಿ, ಪ್ರಸಾದವೆಂಬ ಭಾವದಿಂದ ಸ್ವೀಕರಿಸುವನು. ಈ ಕ್ರಮವನ್ನು ನಮ್ಮ ಮನೆಗಳ ಮಕ್ಕಳೂ ಬಲ್ಲರು. ಆದರೆ ತಟ್ಟೆಯಲ್ಲಿರುವ ಅನ್ನವು ಪ್ರಸಾದವಾದರೆ ಆ ಅನ್ನವನ್ನು ಕೊಟ್ಟ ಹೊಲವು ಏನು? ಲಿಂಗಕ್ಕೇರಿದ ಪತ್ರೆಯು ಪವಿತ್ರವಾದರೆ ಅದನ್ನು ಹೊತ್ತು ನಿಂತ ಮರವು ಏನು? ಈ ಪ್ರಶ್ನೆಯನ್ನು ಕೇಳಿಕೊಳ್ಳುವವರು ವಿರಳ. ಈ ತಿಂಗಳು ನಮ್ಮ ವಿಚಾರವು ಅದೇ ಆಗಿರುತ್ತದೆ.

ದೇವರ ದಾಸಿಮಯ್ಯನವರು ನೆಯ್ಗೆಯ ಕಾಯಕದವರು. ಆದರೂ ಒಕ್ಕಲುತನದ ಮೂಲತತ್ತ್ವವನ್ನು ಅವರಷ್ಟು ಸ್ಪಷ್ಟವಾಗಿ ಹೇಳಿದವರು ಕಡಿಮೆ. ಕಾಲ ಕೆಳಗಿನ ನೆಲವೂ, ಅದರ ಮೇಲಿನ ಪೈರೂ, ಸುಳಿದಾಡುವ ಗಾಳಿಯೂ ಶಿವನು ಕೊಟ್ಟ ದಾನವೆಂದು ಅವರು ಸಾರಿದರು. ದಾನವನ್ನುಂಡು ದಾನಿಯನ್ನು ಮರೆಯುವವರ ವಿಷಯದಲ್ಲಿ ಅವರ ಮಾತು ಬಹಳ ಕಠಿಣವಾಗಿದೆ. ಪಹಣಿಯಲ್ಲಿ ನಮ್ಮ ಹೆಸರಿರುವುದು ನಿಜ. ಕಂದಾಯ ಕಟ್ಟುವವರೂ ನಾವೇ. ಆದರೆ ಆ ಮಣ್ಣನ್ನು ಮಾಡಿದವರು ನಾವಲ್ಲ. ನಮ್ಮ ತಾತನು ಅದನ್ನು ಉತ್ತನು, ನಾವು ಉಳುತ್ತೇವೆ, ನಾಳೆ ಬೇರೊಬ್ಬರು ಉಳುವರು. ನಡುವೆ ಬಂದವನು ದಾನದ ವಸ್ತುವನ್ನು ಕೆಡಿಸದೆ ಮುಂದಿನವರ ಕೈಗೆ ದಾಟಿಸುವುದು ಧರ್ಮ. ಇದನ್ನು ಒಪ್ಪಿದ ಮೇಲೆ, ಹೊಲದಿಂದ ಎಷ್ಟು ತೆಗೆದುಕೊಂಡೆವೆಂಬ ಲೆಕ್ಕದೊಡನೆ ಅದಕ್ಕೆ ಎಷ್ಟು ಹಿಂದಿರುಗಿಸಿದೆವೆಂಬ ಲೆಕ್ಕವನ್ನೂ ಇಡಬೇಕಾಗುತ್ತದೆ.

ಬಸವಣ್ಣನವರು ಜಂಗಮದ ಮಹಿಮೆಯನ್ನು ತಿಳಿಸುವಾಗ ಮರದ ದೃಷ್ಟಾಂತವನ್ನು ಕೊಟ್ಟಿರುವುದು ಎಲ್ಲರಿಗೂ ತಿಳಿದದ್ದೇ. ಮರವು ಬೇರಿನಿಂದ ಉಣ್ಣುತ್ತದೆ. ಬುಡಕ್ಕೆ ಎರೆದ ನೀರು ತುದಿಯ ಚಿಗುರಿನಲ್ಲಿ ಕಾಣುತ್ತದೆ. ಹಾಗೆಯೇ ಜಂಗಮಕ್ಕೆ ನೀಡಿದುದು ಲಿಂಗಕ್ಕೆ ಸಲ್ಲುತ್ತದೆ. ಈ ಮಾತಿನ ಪಾರಮಾರ್ಥಿಕ ಅರ್ಥವನ್ನು ಈ ಪತ್ರಿಕೆಯಲ್ಲಿ ಅನೇಕ ಸಲ ವಿವರಿಸಲಾಗಿದೆ. ಆದರೆ ದೃಷ್ಟಾಂತವು ಸುಳ್ಳಾದರೆ ದಾರ್ಷ್ಟಾಂತವು ನಿಲ್ಲಲಾರದು. ಬುಡಕ್ಕೆ ಕೊಟ್ಟರೆ ತುದಿಗೆ ಮುಟ್ಟುವುದೆಂಬ ಲೌಕಿಕ ಸತ್ಯವನ್ನು ಹೊಲದಲ್ಲಿ ಮರೆತವನು, ಅದೇ ಸತ್ಯವನ್ನು ದಾಸೋಹದಲ್ಲಿ ನೆನೆಯುವುದು ಹೇಗೆ?

ಈ ಸತ್ಯವನ್ನು ಕಾಣಲು ದೂರದೇಶಕ್ಕೆ ಹೋಗಬೇಕಾದುದಿಲ್ಲ. ಬೇಲೂರಿನ ಪಡುವಣ ಅಂಚಿನಿಂದ ಹೊರಟು ಹಳೇಬೀಡನ್ನು ಹಾದು ಅರಸೀಕೆರೆಯವರೆಗೆ ಬಂದರೆ ಸಾಕು. ಬೇಲೂರಿನಿಂದ ಹಳೇಬೀಡಿಗೆ ಸುಮಾರು ೧೬ ಕಿಲೋಮೀಟರು. ಅಲ್ಲಿಂದ ಮೂಡಣಕ್ಕೆ ಅರಸೀಕೆರೆ. ಇಷ್ಟು ಸಣ್ಣ ದಾರಿಯಲ್ಲಿ ಮಲೆನಾಡು ಮುಗಿದು, ಅರೆಮಲೆನಾಡು ಕಳೆದು, ಬಯಲುಸೀಮೆ ತೊಡಗುತ್ತದೆ. ಹೆಜ್ಜೆಹೆಜ್ಜೆಗೂ ಮಳೆಯು ಕಡಿಮೆಯಾಗುತ್ತ ಬರುತ್ತದೆ. ಮಳೆ ಬೇರೆ, ಮಣ್ಣು ಬೇರೆ, ಬೆಳೆ ಬೇರೆ. ಆದರೂ ಮೂರು ಕಡೆಯಲ್ಲಿಯೂ ಹಿರಿಯರು ನಡೆಸಿಕೊಂಡು ಬಂದ ನೀತಿ ಒಂದೇ. ಮರವನ್ನು ಕಾಡಿಗೆ ಅಟ್ಟಿ ಬೆಳೆಯನ್ನು ಮಾತ್ರ ಹೊಲದಲ್ಲಿ ಉಳಿಸಿಕೊಳ್ಳುವ ಬೇಸಾಯವನ್ನು ಅವರು ಮಾಡಲಿಲ್ಲ.

ಬೇಲೂರು ಕಡೆಯ ಕಾಫಿಯ ತೋಟವನ್ನು ನೋಡಿರಿ. ಹಲಸು, ಅತ್ತಿ, ಬಸರಿ, ನೇರಳೆ, ಬೀಟೆ ಮೊದಲಾದ ಮರಗಳು ಮೇಲೆ ಕೊಡೆ ಹಿಡಿದಿರುತ್ತವೆ. ಅವುಗಳ ಕೆಳಗೆ ಹಾಲುವಾಣದ ನೆರಳು, ಅದರಡಿಯಲ್ಲಿ ಕಾಫಿಯ ಗಿಡ, ಮರದ ಬೊಡ್ಡೆಯನ್ನು ತಬ್ಬಿದ ಮೆಣಸಿನ ಬಳ್ಳಿ. ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡಿ ಬೆಳಕನ್ನು ಬಿಡುವರು; ಕಡಿದ ಸೊಪ್ಪು ಅಲ್ಲೇ ಕೊಳೆತು ಗೊಬ್ಬರವಾಗುತ್ತದೆ. ಮಲೆನಾಡಿನ ಬಿರುಮಳೆಯು ನೇರವಾಗಿ ನೆಲಕ್ಕೆ ಬಡಿದರೆ ಇಳಿಜಾರಿನ ಮಣ್ಣು ಹಳ್ಳದ ಪಾಲಾಗಿ ಯಗಚಿಯನ್ನು ಸೇರುವುದು. ಎಲೆಯ ಮೇಲೆ ಬಿದ್ದು, ತರಗೆಲೆಯ ಹಾಸಿನ ಮೇಲಿಳಿದು ಬಂದ ನೀರು ನೆಲದೊಳಗೆ ಇಂಗುವುದು. ಕಾಫಿಯ ಬೆಲೆ ಬಿದ್ದ ವರ್ಷಗಳಲ್ಲಿ ಮೆಣಸು ಸಂಸಾರವನ್ನು ಹಿಡಿದೆತ್ತಿದುದನ್ನು ಆ ಕಡೆಯ ಗೃಹಸ್ಥರೇ ಹೇಳುವರು.

ಹಳೇಬೀಡಿನ ಸುತ್ತಿನ ಹೊಲಗಳಲ್ಲಿ ನೀತಿಯ ರೂಪ ಬೇರೆ. ಅಲ್ಲಿ ರಾಗಿಯ ಮಧ್ಯೆ ಅಕ್ಕಡಿಯ ಸಾಲು. ಅವರೆ, ತೊಗರಿ, ಹುಚ್ಚೆಳ್ಳು ಒಂದರ ಪಕ್ಕದಲ್ಲಿ ಒಂದು. ಬದುವಿನ ಮೇಲೆ ಹೊಂಗೆ, ಬೇವು, ಹಿಪ್ಪೆ, ಹುಣಸೆ. ಹೊಂಗೆಯು ಅವರೆ, ತೊಗರಿಗಳ ಕುಲಕ್ಕೇ ಸೇರಿದ್ದು. ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಹಿಡಿದು ಮಣ್ಣಿಗೆ ಸೇರಿಸುವ ಗುಣ ಅದಕ್ಕಿದೆ. ಅದರ ಸೊಪ್ಪು ಗದ್ದೆಗೆ ಗೊಬ್ಬರ, ಬೀಜದ ಎಣ್ಣೆ ದೀಪಕ್ಕೆ, ಹಿಂಡಿ ಮತ್ತೆ ಭೂಮಿಗೆ. ನೆರಳಾದರೋ ಉಳುವ ಎತ್ತಿಗೂ ಉಳುವವನಿಗೂ ಸಮಾನ.

ಅರಸೀಕೆರೆಯ ಸೀಮೆಗೆ ಬಂದರೆ ತೆಂಗೇ ದೈವ. ಅಲ್ಲಿಯ ಕೊಬ್ಬರಿ ನಾಡಿಗೆಲ್ಲ ಪ್ರಸಿದ್ಧವಾದದ್ದು. ತೆಂಗಿನ ಬೇರುಗಳಲ್ಲಿ ಬಹುಭಾಗವು ಬುಡದಿಂದ ಸುಮಾರು ೨ ಮೀಟರಿನೊಳಗೇ ಇರುತ್ತದೆ. ೨೫, ೩೦ ಅಡಿಗಳಿಗೊಂದರಂತೆ ನೆಟ್ಟ ಮರಗಳ ನಡುವೆ ನೆಲವೂ ಬೆಳಕೂ ಧಾರಾಳವಾಗಿ ಉಳಿಯುತ್ತವೆ. ಅಲ್ಲಿ ಹುರುಳಿ, ಅಲಸಂದೆಗಳಿಗೂ, ಅಂಚಿನಲ್ಲಿ ಸೊಪ್ಪಿನ ಗಿಡಗಳಿಗೂ ಸ್ಥಳವಿದೆ. ಮರವೊಂದು ತಿಂಗಳಿಗೊಂದರಂತೆ ವರ್ಷಕ್ಕೆ ಸುಮಾರು ೧೨ ಗರಿಗಳನ್ನು ಕೆಳಗೆ ಬಿಡುತ್ತದೆ. ಇದು ಮರವು ತಾನಾಗಿ ಭೂಮಿಗೆ ಮಾಡುವ ದಾಸೋಹ.

ಹೀಗಿದ್ದ ನೆಲದಲ್ಲಿ ನಾವು ಏನು ಮಾಡಿದೆವು? ಬದುವಿನ ಹುಣಸೆಯನ್ನು ಸೌದೆಗೆ ಮಾರಿದೆವು. ಹೊಂಗೆಯ ನೆರಳಿಗೆ ಎರಡು ಸಾಲು ರಾಗಿ ಹಾಳಾಗುವುದೆಂದು ಅದನ್ನು ಬುಡಸಹಿತ ಕಿತ್ತೆವು. ಯಂತ್ರವು ತಿರುಗಲು ಅಡ್ಡಿಯೆಂದು ಬದುವನ್ನೇ ಅಳಿಸಿದೆವು. ತೆಂಗಿನ ಗರಿಯನ್ನು ರಾಶಿಹಾಕಿ ಸುಟ್ಟೆವು. ಸಿಪ್ಪೆಯನ್ನು ಲಾರಿಗೆ ತುಂಬಿ ಕಳುಹಿಸಿದೆವು. ನೆಲದ ಮೇಲಿನ ತೇವ ಹೋದಾಗ ನೆಲದೊಳಗಿನ ನೀರಿಗೆ ಕೊಳವೆ ಬಾವಿಯನ್ನಿಳಿಸಿದೆವು. ಅದೂ ಬತ್ತಿದಾಗ ಮತ್ತಷ್ಟು ಆಳಕ್ಕೆ ಕೊರೆಸಿದೆವು. ೨೦೧೨ರಿಂದ ೨೦೧೬ರವರೆಗಿನ ಅವಧಿಯಲ್ಲಿ ಮೇಲಿಂದ ಮೇಲೆ ಬಂದ ಬರಗಾಲದಲ್ಲಿ ಅರಸೀಕೆರೆ, ತಿಪಟೂರುಗಳ ಕಡೆ ತಲೆಮಾರಿನ ತೆಂಗುಗಳು ಸುಳಿ ಒಣಗಿ ಬೋಳುಕಂಬಗಳಂತೆ ನಿಂತುದನ್ನು ಕಂಡವರು ಮರೆಯಲಾರರು. ತೆಂಗು ಒಂದು ವರ್ಷದ ಪೈರಲ್ಲ. ಹೋದ ಮರದ ಸ್ಥಳದಲ್ಲಿ ನೆಟ್ಟ ಸಸಿಯು ಫಲ ಕೊಡಲು ಆರೇಳು ವರ್ಷಗಳು ಬೇಕು. ಆ ಆರೇಳು ವರ್ಷ ಸಂಸಾರವು ಏನನ್ನು ಉಣ್ಣಬೇಕು? ಎಷ್ಟೋ ಮನೆಗಳ ಮಕ್ಕಳು ಈ ಪ್ರಶ್ನೆಗೆ ಉತ್ತರ ಕಾಣದೆ ಬೆಂಗಳೂರಿನ ಬಸ್ಸು ಹತ್ತಿದರು. ಮಳೆ ಬಾರದಿರುವುದು ನಮ್ಮ ಕೈಯಲ್ಲಿಲ್ಲ. ಬಂದ ಮಳೆಯನ್ನು ನಿಲ್ಲಿಸಿಕೊಳ್ಳುವ ಶಕ್ತಿಯನ್ನು ಭೂಮಿಯಿಂದ ಕಿತ್ತುಕೊಂಡುದು ನಮ್ಮ ಕೈಯ ಕೆಲಸ.

ಇಲ್ಲಿ ಆಯ್ದಕ್ಕಿ ಲಕ್ಕಮ್ಮ ತಾಯಿಯ ಚರಿತ್ರೆಯನ್ನು ಸ್ಮರಿಸತಕ್ಕದ್ದು. ಆಕೆಯ ಪತಿ ಮಾರಯ್ಯನು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಆತನು ನಿತ್ಯಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ತಂದಾಗ ಆ ಮಹಾತಾಯಿಯು ಸಂತೋಷಪಡಲಿಲ್ಲ. ಹೆಚ್ಚಿನದನ್ನು ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳುಹಿಸಿದಳು. ಮನೆಯಲ್ಲಿ ಬಡತನವಿದ್ದಾಗಲೂ ಹೀಗೆ ಹೇಳಬಲ್ಲವಳಾದುದರಿಂದಲೇ ಆಕೆಯು ಶರಣೆ. ಹೊಲದ ವಿಷಯದಲ್ಲಿ ಹೆಚ್ಚಿನದೆಂದರೆ ಯಾವುದು? ಕಾಳು ನಮ್ಮದು, ಕಾಯಿ ನಮ್ಮದು. ಉದುರಿದ ಎಲೆ, ಬಿದ್ದ ಗರಿ, ಸುಲಿದ ಸಿಪ್ಪೆ ಭೂಮಿಯದು. ಅದನ್ನೂ ಹೊತ್ತು ತಂದರೆ ನಾವು ತಂದುದು ನಾಳಿನ ಅಕ್ಕಿಯನ್ನು. ತೆಂಗಿನ ಸಿಪ್ಪೆಯನ್ನು ಮರದ ಸುತ್ತ ಗುಂಡಿ ತೋಡಿ ಹೂತರೆ ಅದು ಮಳೆಯ ನೀರನ್ನು ಹೀರಿ ಬೇಸಿಗೆಯಲ್ಲಿ ಬೇರಿಗೆ ಉಣಿಸುತ್ತದೆ. ಲಕ್ಕಮ್ಮನು ಹೇಳಿದಂತೆ ಅಲ್ಲಿಯೇ ಸುರಿದು ಬರುವುದೆಂದರೆ ಇದೇ.

ಇಷ್ಟನ್ನು ಕೇಳಿದ ಗೃಹಸ್ಥನು ಒಂದು ಮಾತು ಹೇಳಬಹುದು. “ಸ್ವಾಮಿ, ನನಗಿರುವುದು ಎರಡು ಎಕರೆ ಖುಷ್ಕಿ. ಸೊಸೈಟಿಯಲ್ಲಿ ಸಾಲವಿದೆ, ಮನೆಯಲ್ಲಿ ಮಗಳ ಮದುವೆಯಿದೆ. ಮರ ನೆಟ್ಟರೆ ನೆರಳಿಗೆ ಬೆಳೆ ಹೋಗುತ್ತದೆ, ನೆರೆಯ ಹೊಲದವನು ಜಗಳಕ್ಕೆ ಬರುತ್ತಾನೆ. ಮರದ ಫಲ ಬರುವ ಹೊತ್ತಿಗೆ ನಾನಿರುತ್ತೇನೋ ಇಲ್ಲವೋ.” ಈ ಮಾತನ್ನು ಅಧರ್ಮವೆಂದು ತಳ್ಳಿಹಾಕಕೂಡದು. ಹಸಿದವನಿಗೆ ವೇದಾಂತ ಹೇಳುವುದು ಶರಣಮಾರ್ಗವಲ್ಲ. ಮರವು ನೆಲದಿಂದ ತೆಗೆದುಕೊಳ್ಳುವುದೂ ಉಂಟೆಂಬುದು ನಿಜ. ಆದುದರಿಂದ ಯಾವ ಮರ, ಎಲ್ಲಿ, ಎಷ್ಟು ಎಂಬ ವಿವೇಕವು ಅವಶ್ಯಕ.

ಮೊದಲನೆಯದಾಗಿ, ಸ್ಥಳ. ಮರವು ಹೊಲದ ನಡುವೆ ಬೇಡ. ಬದು, ಬೇಲಿ, ಹಳ್ಳದ ಅಂಚು, ಬಾವಿಯ ಮಗ್ಗುಲು, ಕಣದ ಸುತ್ತ, ಇವು ಮರದ ಸ್ಥಾನಗಳು. ಬಿತ್ತನೆಗೆ ಮುಂಚೆ ರೆಂಬೆಗಳನ್ನು ಸವರಿದರೆ ನೆರಳು ಕಡಿಮೆಯಾಗಿ ಸೊಪ್ಪು ಹೊಲಕ್ಕೆ ದೊರೆಯುವುದು. ಮರಕ್ಕೂ ಬೆಳೆಗೂ ನಡುವೆ ಎರಡಡಿ ಆಳದ ಕಾಲುವೆ ತೆಗೆದರೆ ಪಕ್ಕಬೇರುಗಳು ಬೆಳೆಯ ಕಡೆಗೆ ಹರಿಯವು. ಅದೇ ಕಾಲುವೆಯಲ್ಲಿ ಮಳೆಯ ನೀರೂ ನಿಲ್ಲುವುದು. ನೆರೆಯವನೊಡನೆ ಮೊದಲೇ ಮಾತನಾಡಿ, ಗಡಿಯ ಮರದ ಫಲವನ್ನು ಹಂಚಿಕೊಳ್ಳುವ ಒಪ್ಪಂದ ಮಾಡಿಕೊಂಡರೆ ಜಗಳಕ್ಕೆ ಕಾರಣವೇ ಉಳಿಯದು.

ಎರಡನೆಯದಾಗಿ, ಕಾಲ. ಎಲ್ಲ ಮರಗಳೂ ಮೊಮ್ಮಗನಿಗಾಗಿ ಕಾಯಿಸುವುವಲ್ಲ. ನುಗ್ಗೆಯು ವರ್ಷದೊಳಗೆ ಕಾಯಿ ಕೊಡುತ್ತದೆ. ಸೀತಾಫಲಕ್ಕೆ ಮೂರು ನಾಲ್ಕು ವರ್ಷ, ಹೊಂಗೆಯ ಬೀಜಕ್ಕೆ ಐದಾರು ವರ್ಷ. ಹೆಬ್ಬೇವು ಏಳೆಂಟು ವರ್ಷಗಳಲ್ಲಿ ಮಾರಾಟಕ್ಕೆ ಬರುವುದು. ಹಲಸು ಹುಣಸೆಗಳಿಗೆ ಅದಕ್ಕಿಂತ ಹೆಚ್ಚು ತಾಳ್ಮೆ ಬೇಕು. ಆದರೆ ಅವು ಒಂದು ಸಲ ಹಿಡಿದರೆ ತಲೆಮಾರುಗಳನ್ನು ಸಾಕುತ್ತವೆ. ಒಂದೇ ಬದುವಿನ ಮೇಲೆ ಈ ವರ್ಷದ ಸಂತೆಗೊಂದು, ಮಗಳ ಮದುವೆಗೊಂದು, ಮೊಮ್ಮಗನಿಗೊಂದು ಮರವನ್ನು ಸಾಲಾಗಿ ನಿಲ್ಲಿಸುವುದು ಎರಡೆಕರೆಯವನಿಗೂ ಸಾಧ್ಯ. ಬೇಲಿಗೆ ಗೊಬ್ಬರದ ಗಿಡದ ಕಡ್ಡಿಯನ್ನು ಊರುವುದಕ್ಕೆ ಖರ್ಚೇ ಇಲ್ಲ. ವರ್ಷಕ್ಕೆ ಎರಡು ಮೂರು ಸಲ ಸವರಿ ತೆಂಗಿನ ಬುಡಕ್ಕೆ ಹಾಕಬಹುದು.

ಮೂರನೆಯದಾಗಿ, ಒಂದೇ ಜಾತಿಯ ಮರದ ವ್ಯಾಮೋಹವನ್ನು ಬಿಡತಕ್ಕದ್ದು. ಬಯಲುಸೀಮೆಯಲ್ಲಿ ನೀಲಗಿರಿಯ ತೋಪುಗಳನ್ನು ಹಬ್ಬಿಸಿ, ಅವುಗಳಡಿಯಲ್ಲಿ ಹುಲ್ಲೂ ಸರಿಯಾಗಿ ಬೆಳೆಯದುದನ್ನು ಕಂಡ ಮೇಲೆ, ೨೦೧೭ರಲ್ಲಿ ರಾಜ್ಯ ಸರ್ಕಾರವೇ ಹೊಸದಾಗಿ ಅದನ್ನು ನೆಡುವುದನ್ನು ನಿಷೇಧಿಸಬೇಕಾಯಿತು. ಬೇಲೂರಿನ ಕಡೆ ನಾಡಮರಗಳನ್ನು ಕಡಿದು ತೋಟವೆಲ್ಲ ಸಿಲ್ವರ್ ಓಕನ್ನೇ ತುಂಬುವವರೂ ಯೋಚಿಸತಕ್ಕದ್ದು. ಅದು ಬೇಗ ಬೆಳೆದು ಮರದ ಬೆಲೆ ತರುವುದು, ಮೆಣಸಿನ ಬಳ್ಳಿಗೂ ಆಧಾರವಾಗುವುದು, ಇದು ನಿಜ. ಆದರೆ ಅತ್ತಿ, ಬಸರಿ, ನೇರಳೆಗಳಂತೆ ಪಕ್ಷಿಗಳಿಗೆ ಹಣ್ಣನ್ನು ಕೊಡಲಾರದು. ಮಹಾಮನೆಯಲ್ಲಿ ನಾನಾ ಕಾಯಕದ ಶರಣರು ಕೂಡಿದ್ದುದರಿಂದ ಅದು ಮಹಾಮನೆಯಾಯಿತು, ತೋಟವೂ ಹಾಗೆಯೇ.

ಇದು ಬರಿಯ ಉಪದೇಶವಲ್ಲ, ನಡೆದು ತೋರಿದ ದಾರಿ. ೧೯೯೦ರ ದಶಕದ ಕೊನೆಯಲ್ಲಿ ಅರಸೀಕೆರೆ ತಾಲ್ಲೂಕಿನ ಆದಿಹಳ್ಳಿ, ಮೈಲನಹಳ್ಳಿಗಳ ಸುತ್ತಿನ ರೈತರು ಬೈಫ್ ಸಂಸ್ಥೆಯ ನೆರವಿನೊಡನೆ ಹೊಲಗಳಲ್ಲಿ ಕೃಷಿಹೊಂಡಗಳನ್ನು ತೋಡಿ, ಬದುಗಳನ್ನು ಕಟ್ಟಿ, ಹಣ್ಣಿನ ಗಿಡಗಳನ್ನೂ ಸೊಪ್ಪು ಸೌದೆಯ ಮರಗಳನ್ನೂ ಬೆಳೆಯೊಡನೆ ಬೆಳೆಸುವ ಕೆಲಸವನ್ನು ಕೈಗೊಂಡರು. ಹರಿದು ಹೋಗುತ್ತಿದ್ದ ನೀರನ್ನು ಹೊಂಡವು ಹಿಡಿಯಿತು. ಹೊಂಡದ ನೀರು ಎಳೆಯ ಗಿಡವನ್ನು ಬೇಸಿಗೆಯಿಂದ ದಾಟಿಸಿತು. ನಮ್ಮ ಜಿಲ್ಲೆಯ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು ಜೈವಿಕ ಇಂಧನ ಉದ್ಯಾನವನ್ನು ಸ್ಥಾಪಿಸಿ, ಹೊಂಗೆ, ಬೇವು, ಹಿಪ್ಪೆಗಳನ್ನು ಬದುಗಳ ಮೇಲೆ ಬೆಳೆಸುವಂತೆ ರೈತರನ್ನು ಪ್ರೇರೇಪಿಸಿತು. ಅಜ್ಜಿಯು ದೀಪಕ್ಕೆ ಬಳಸಿದ ಎಣ್ಣೆಯು ಯಂತ್ರವನ್ನೂ ನಡೆಸಬಲ್ಲದೆಂದು ಅಲ್ಲಿ ತೋರಿಸಿದರು. ಅರಣ್ಯ ಇಲಾಖೆಯು ೨೦೧೧–೧೨ರಲ್ಲಿ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯನ್ನು ಆರಂಭಿಸಿತು. ಅದರಲ್ಲಿ ಪ್ರೋತ್ಸಾಹಧನವು ನೆಟ್ಟ ಗಿಡಗಳ ಲೆಕ್ಕಕ್ಕಲ್ಲ, ಬದುಕಿ ಉಳಿದ ಗಿಡಗಳ ಲೆಕ್ಕಕ್ಕೆ ಮೂರು ವರ್ಷಗಳ ಕಾಲ ಸಲ್ಲುತ್ತದೆ. ೨೦೧೪ರಲ್ಲಿ ಭಾರತ ಸರ್ಕಾರವು ರಾಷ್ಟ್ರೀಯ ಕೃಷಿ ಅರಣ್ಯ ನೀತಿಯನ್ನೇ ಪ್ರಕಟಿಸಿತು. ಇಂಥ ನೀತಿಯನ್ನು ಮಾಡಿದ ದೇಶಗಳಲ್ಲಿ ನಮ್ಮದೇ ಮೊದಲನೆಯದು. ನಮ್ಮ ಹಿರಿಯರ ಬದುವಿಗೆ ಈಗ ಸರ್ಕಾರದ ಮುದ್ರೆಯೂ ಬಿದ್ದಂತಾಯಿತು.

ಫಲವನ್ನು ಕಾಣುವುದಕ್ಕೆ ನಾನಿರುತ್ತೇನೋ ಇಲ್ಲವೋ ಎಂಬ ಸಂದೇಹಕ್ಕೆ ಈ ನೆಲದ ಶಿವಭಕ್ತರೇ ಉತ್ತರವನ್ನು ಕೊಟ್ಟಿರುವರು. ಹೊಯ್ಸಳ ನರಸಿಂಹನ ಕಾಲದಲ್ಲಿ ಮಂತ್ರಿಯಾಗಿದ್ದ ಪದ್ಮರಸನು ‘ದೀಕ್ಷಾಬೋಧೆ’ಯನ್ನು ರಚಿಸಿದ ಪಂಡಿತನು. ಆದರೆ ಲೋಕವು ಆತನನ್ನು ನೆನೆಯುವುದು ‘ಕೆರೆಯ ಪದ್ಮರಸ’ನೆಂದು, ಬೇಲೂರಿನಲ್ಲಿ ಕೆರೆಯನ್ನು ಕಟ್ಟಿಸಿದುದರಿಂದ ಆತನಿಗೆ ಆ ಹೆಸರು ಬಂದಿತೆಂದು ಪರಂಪರೆ ಹೇಳುತ್ತದೆ. ಪದವಿಯು ಹೋಯಿತು, ರಾಜ್ಯವು ಹೋಯಿತು, ಕೆರೆಯು ಹೆಸರಾಗಿ ನಿಂತಿತು. ಅದೇ ದೋರಸಮುದ್ರದಲ್ಲಿ ಕರಣಿಕನಾಗಿದ್ದನೆಂದು ಹೇಳುವ ಹರಿಹರ ಮಹಾಕವಿಯು ಅರಮನೆಯ ಲೆಕ್ಕವನ್ನು ತೊರೆದು ಹಂಪೆಗೆ ಹೋಗಿ ವಿರೂಪಾಕ್ಷನ ಸೇವೆಯಲ್ಲಿ ನಿಂತನು. ‘ಪುಷ್ಪರಗಳೆ’ಯಲ್ಲಿ ಹೂಗಿಡಗಳನ್ನು ಬಂಧುಗಳಂತೆ ಮಾತನಾಡಿಸಿದನು. ನಮ್ಮ ಕಾಲದಲ್ಲಿ ಸಾಲುಮರದ ತಿಮ್ಮಕ್ಕನವರು ಹುಲಿಕಲ್ಲು, ಕುದೂರುಗಳ ನಡುವಣ ದಾರಿಯಲ್ಲಿ ಆಲದ ಸಸಿಗಳನ್ನು ನೆಟ್ಟು, ಕೊಡದಲ್ಲಿ ನೀರು ಹೊತ್ತು ಸಾಕಿದರು. ೨೦೧೯ರಲ್ಲಿ ಪದ್ಮಶ್ರೀ ಗೌರವವು ಅವರನ್ನು ಹುಡುಕಿಕೊಂಡು ಬಂದಿತು. ಕೂಲಿ ಮಾಡಿ ಬದುಕಿದ ಆ ತಾಯಿಯು ತನ್ನದಲ್ಲದ ನೆಲದಲ್ಲಿ ಅಷ್ಟನ್ನು ಮಾಡಿದರೆ, ಪಹಣಿಯುಳ್ಳ ನಾವು ಎಷ್ಟು ಮಾಡಬೇಕು?

ಬೇಲೂರಿನ ಮದನಿಕೆಯರ ತಲೆಯ ಮೇಲೆ ಶಿಲ್ಪಿಗಳು ಎಲೆಬಳ್ಳಿಗಳ ಚಪ್ಪರವನ್ನು ಕಲ್ಲಿನಲ್ಲಿ ಕಡೆದಿರುವರು. ೨೦೨೩ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದು ಸಂತೋಷದ ಸಂಗತಿ. ಕಲ್ಲಿನ ಎಲೆಯನ್ನು ನೋಡಲು ಬರುವವರಿಗೆ ನಾವು ಊರ ಹೊರಗೆ ಬೋಳು ಬದುಗಳನ್ನು ತೋರಿಸುವುದಾದರೆ, ಅದು ನಮ್ಮ ಗೌರವಕ್ಕೆ ತಕ್ಕುದಲ್ಲ.

ಕೊನೆಯದಾಗಿ ಒಂದು ಎಚ್ಚರಿಕೆ. ಅಲ್ಲಮಪ್ರಭುಗಳು ತೋಟವನ್ನು ಅಗೆಯುತ್ತಿದ್ದ ಗೊಗ್ಗಯ್ಯನನ್ನು ಕಂಡು, ಹೊರಗಿನ ತೋಟದೊಡನೆ ಒಳಗಿನ ತೋಟವನ್ನೂ ಮಾಡುವ ಬಗೆಯನ್ನು ಬೋಧಿಸಿದುದು ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಮಳೆಗಾಲದ ಒಂದು ದಿನ ಹಾರ ತುರಾಯಿಗಳೊಡನೆ ಸಸಿಯನ್ನು ನೆಟ್ಟು, ಚಿತ್ರ ತೆಗೆಸಿಕೊಂಡು, ಮಾರ್ಚಿ ತಿಂಗಳಲ್ಲಿ ಅದು ಒಣಗಿದುದನ್ನು ನೋಡದವನು ಒಳಗಿನ ತೋಟಕ್ಕೂ ಕಳೆ ತೆಗೆದವನಲ್ಲ. ನೆಡುವುದು ಉತ್ಸವ, ಮೂರು ಬೇಸಿಗೆ ನೀರು ಹೊತ್ತು ಹಾಕುವುದು ಕಾಯಕ. ಉತ್ಸವಕ್ಕೆ ಜನ ಸೇರುವರು, ಕಾಯಕದಲ್ಲಿ ಒಬ್ಬನೇ ಇರಬೇಕಾಗುವುದು. ಹೀಗೆ ಒಬ್ಬನೇ ಮಾಡುವ ಕೆಲಸದಲ್ಲಿ ಅಹಂಕಾರವು ಕರಗುತ್ತದೆ. ಗಿಡದೊಡನೆ ಮನಸ್ಸೂ ಬೇರೂರುತ್ತದೆ.

ಆದುದರಿಂದ ಸದ್ಭಕ್ತರು ಈ ಕೆಲವು ನಿಯಮಗಳನ್ನು ಕೈಕೊಳ್ಳತಕ್ಕದ್ದು. ಮನೆಯಲ್ಲಿ ಮಗುವಿಗೆ ಲಿಂಗದೀಕ್ಷೆಯಾದಾಗ, ಮದುವೆಯಾದಾಗ, ಹಿರಿಯರು ಲಿಂಗೈಕ್ಯರಾಗಿ ಶಿವಗಣಾರಾಧನೆ ನಡೆದಾಗ, ಹೊಲದ ಬದುವಿನಲ್ಲಿ ಅವರ ಹೆಸರಿನಲ್ಲಿ ಒಂದು ಮರವನ್ನು ನೆಟ್ಟು ಮೂರು ವರ್ಷ ಸಾಕಬೇಕು. ಪ್ರತಿ ಮನೆಯ ಹಿತ್ತಿಲಲ್ಲಿ ಅಥವಾ ತೋಟದಲ್ಲಿ ಒಂದು ಬಿಲ್ವವಿರಬೇಕು. ಲಿಂಗಕ್ಕೇರುವ ಪತ್ರೆಯನ್ನು ಪೇಟೆಯಲ್ಲಿ ಕ್ರಯಕ್ಕೆ ತರುವ ಸ್ಥಿತಿಯು ಒಕ್ಕಲು ಮನೆಗೆ ಶೋಭಿಸದು. ತೋಟದಲ್ಲಿ ಬಿದ್ದ ಗರಿಯನ್ನೂ ತರಗೆಲೆಯನ್ನೂ ಸುಡಬಾರದು. ಹಣ್ಣಿನ ಮರಗಳಲ್ಲಿ ಒಂದನ್ನಾದರೂ ದಾರಿಹೋಕರಿಗೂ ಹಕ್ಕಿಗಳಿಗೂ ಬಿಟ್ಟುಬಿಡಬೇಕು. ಕೊಡುವವನು ಕಾಣದೆ, ಪಡೆಯುವವನು ಕೈಯೊಡ್ಡದೆ ನಡೆಯುವ ದಾಸೋಹವು ಅದು.

ಒಕ್ಕಲಿಗ ಮುದ್ದಣ್ಣನೆಂಬ ಶರಣನು ಬೇಸಾಯದ ಕಾಯಕವನ್ನು ಮಾಡುತ್ತಲೇ ಅನುಭಾವಿಯಾಗಿ ವಚನಗಳನ್ನು ಹೇಳಿದನು. ನೇಗಿಲು ಹಿಡಿದ ಕೈಗೆ ಅನುಭಾವವು ದೂರವಲ್ಲವೆಂಬುದಕ್ಕೆ ಆತನೇ ಸಾಕ್ಷಿ. ಬೇಲೂರು, ಹಳೇಬೀಡು, ಅರಸೀಕೆರೆಗಳ ಗೃಹಸ್ಥರಿಗೆ ಶಿವನು ಮೂರು ಬಗೆಯ ನೆಲವನ್ನು ದಾನವಾಗಿ ಕೊಟ್ಟಿರುವನು. ಆ ದಾನವನ್ನು ಕೆಡಿಸದೆ, ನೆರಳಿನೊಡನೆ ಮುಂದಿನವರ ಕೈಗೆ ಒಪ್ಪಿಸುವ ಬುದ್ಧಿಯನ್ನೂ, ಗಿಡಕ್ಕೆ ನೀರೆರೆಯುವ ತಾಳ್ಮೆಯನ್ನೂ ಬಸವಾದಿ ಪ್ರಮಥರು ಎಲ್ಲರಿಗೂ ಅನುಗ್ರಹಿಸಲಿ. ಕಾಲಕಾಲಕ್ಕೆ ಮಳೆಯಾಗಲಿ, ಬಂದ ಮಳೆಯು ನೆಲದಲ್ಲಿ ನಿಲ್ಲಲಿ.

ಸರ್ವರಿಗೂ ಸನ್ಮಂಗಳವಾಗಲಿ. ಶರಣು ಶರಣಾರ್ಥಿ.